ಚಪ್ಪಲಿ ಬಿಚ್ಚಬೇಡಿ ಅಂದವಳು

ಆ ಹೆಂಗಸಿನ ಬೂಟು ತೀರ ಹೊಸದಾಗಿತ್ತು. ನನಗೆ ಅನುಮಾನ ಹುಟ್ಟಿದ್ದೇ ಅಲ್ಲಿಂದ. ಚೆಂಬೂರಿನ ನಮ್ಮ ಕಾಲನಿಯ ರಸ್ತೆ ಅಗೆದು ಮೂರು ತಿಂಗಳಾಗಿತ್ತು. ಮನೆಮನೆ ತಿರುಗುವವರ ಕಾಲಿಗೆ ಮಣ್ಣು ಮೆತ್ತದೆ ಇರುತ್ತಿರಲಿಲ್ಲ. ಮೇಲಾಗಿ ಅವಳ ಕೈಯ ಫೈಲಿನ ಮೇಲೆ ಯಾವುದೋ ಬಿಲ್ಡರನ ಜಾಹೀರಾತು.

ರಸ್ತೆಯಾಚೆಯ ಮೈದಾನವನ್ನು ಪಾರ್ಕಿಂಗ್ ಕಟ್ಟಡಕ್ಕೆ ಕೊಡುತ್ತಾರೆಂಬ ಸುದ್ದಿ ಬಂದು, ಭಾನುವಾರ ಎಲ್ಲರೂ ಅಲ್ಲಿ ಧರಣಿ ಕೂರುವುದೆಂದು ತೀರ್ಮಾನವಾಗಿತ್ತು. ಎಪ್ಪತ್ತನಾಲ್ಕರ ನನ್ನ ಅತ್ತೆ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟಿದ್ದರು. ಸಂಜೆ ಅವರು ನಾಲ್ಕು ಸುತ್ತು ನಡೆಯುವುದು ಆ ಮೈದಾನದಲ್ಲೇ. ಮಂಡಿಯ ಆಪರೇಶನ್ ಆದ ಮೇಲೆ ಅವರನ್ನು ಮತ್ತೆ ನಡೆಸಿದ್ದು ಆ ನಾಲ್ಕು ಸುತ್ತು.

"ಅಕ್ಕಾರ, ರವಿವಾರ ನಿಮ್ಮನಿಯಿಂದ ಎಷ್ಟ ಮಂದಿ ಬರ್ತೀರಿ? ವಯಸ್ಸಾದವರು ಯಾರರ ಅದಾರೇನು? ಒಂದ ಫೋನ್ ನಂಬರ್ ಬರಸ್ರಿ," ಅಂದಳು ಬಾಗಿಲಾಚೆಯ ಆ ಹೆಂಗಸು. ಉತ್ತರ ಕರ್ನಾಟಕದ ಮಾತು. ಇರುವುದು ಜೋಗೇಶ್ವರಿಯಲ್ಲಂತೆ. ಸಭೆ, ಮೋರ್ಚಾ ಇದ್ದಲ್ಲಿ ಜನಕ್ಕೆ ಜಾಗ್ರತೆ ಹೇಳಿಕೊಡುವುದು ಅವಳ ಗುಂಪಿನ ಕೆಲಸವಂತೆ. ಜೋಗೇಶ್ವರಿಯಿಂದ ಎರಡು ಲೋಕಲ್ ರೈಲು ಬದಲಿಸಿ ಬಂದು ನಮ್ಮ ಜಾಗ್ರತೆ ನೋಡಲು ಇವಳಿಗೇನು ಬಂದಿದೆ? ಯಾರ್‍ಯಾರು ಧರಣಿಗೆ ಬರುತ್ತಾರೆಂಬ ಪಟ್ಟಿ ಬೇಕಾಗಿರುವುದು ಬಿಲ್ಡರನಿಗೆ, ಇಲ್ಲವೇ ಪೊಲೀಸರಿಗೆ.

ಕಾನ್ವೆಂಟ್ ಶಾಲೆಯ ಸಿಸ್ಟರುಗಳು ನನಗೆ ಸುಳ್ಳು ಹೇಳಬಾರದೆಂದೂ ಕಲಿಸಿದ್ದರು, ಮೆಲ್ಲಗೆ ಮಾತಾಡಬೇಕೆಂದೂ ಕಲಿಸಿದ್ದರು. ಆ ದಿನ ಎರಡನೆಯದನ್ನು ಮಾತ್ರ ಪಾಲಿಸಿದೆ. "ನಾನೊಬ್ಬಳೇ ಬರುವುದು," ಅಂದೆ. ನಂಬರಿನ ಕೊನೆಯ ಅಂಕಿ ಬದಲಿಸಿ ಬರೆಸಿದೆ. ಥ್ಯಾಂಕ್ಯೂ ಕೂಡ ಹೇಳಿದೆ.

ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ದೊಡ್ಡ ತಾಡಪಾಲು ಹಾಸಿದ್ದರು. ಎದುರಿಗೆ ಗಣಪತಿಯ ಫೋಟೋ, ಹೂಮಾಲೆ, ಹಚ್ಚಿದ ದೀಪ. ನಮ್ಮಲ್ಲಿ ಧರಣಿಯಾದರೂ ದೀಪವಿಲ್ಲದೆ ಶುರುವಾಗುವುದಿಲ್ಲ; ದೀಪವಿದ್ದಲ್ಲಿ ಯಾರೂ ಹೇಳದೆಯೇ ಕಾಲು ಚಪ್ಪಲಿ ಕಳಚುತ್ತದೆ. ಇದ್ದದ್ದು ಒಂದೇ ಗೇಟು, ಅದರ ಬಾಯಲ್ಲೇ ಇನ್ನೂರು ಜನರ ಚಪ್ಪಲಿ ರಾಶಿ ಬಿತ್ತು. ಹಿಂದಿನ ಗೇಟಿಗೆ ಬೀಗ.

ಅದೇ ಹೆಂಗಸು ಗೇಟಿನಲ್ಲಿ ನಿಂತು ಬೇಡಿಕೊಳ್ಳುತ್ತಿದ್ದಳು. "ಚಪ್ಪಲಿ ಬಿಚ್ಚಬ್ಯಾಡ್ರಿ ಅಕ್ಕಾರ. ಗರ್ದಿ ಎದ್ದರ ಇಲ್ಲೇ ಎಡವಿ ಬೀಳ್ತೀರಿ. ಏನರ ಕೈಯಾಗಿಂದು ಬಿದ್ದರ ಬಗ್ಗಿ ಎತ್ತಬ್ಯಾಡ್ರಿ. ಕೈ ಎದಿ ಮುಂದ ಹಿಂಗ ಇಟ್ಕೊಂಡು ಅಂಚಿಗೆ ಸರೀರಿ."

"ದೀಪ ಹಚ್ಚಿದ ಜಾಗದಲ್ಲಿ ಚಪ್ಪಲಿಯಾ? ಇವಳಿಗೆ ಮನೆಯಲ್ಲಿ ಹೇಳಿಕೊಡುವವರು ಯಾರೂ ಇಲ್ಲವಾ ಮಾರಾಯ್ತಿ?" ಅಂದರು ಅತ್ತೆ, ಅವಳಿಗೆ ಕೇಳುವ ಹಾಗೆಯೇ.

"ನಮ್ಮವ್ವ ಹೇಳಿಕೊಟ್ಟಾಳ್ರಿ ಅಜ್ಜಿ," ಅಂದಳವಳು, ನಗದೆ. "ಜಾತ್ರಿ ಗರ್ದ್ಯಾಗ ಚಪ್ಪಲಿ ಹುಡುಕಾಕ ಬಗ್ಗಿದ್ಲು. ಇವತ್ತಿಗೂ ನೆಟ್ಟಗ ನಡ್ಯಾಂಗಿಲ್ಲ."

ಅದನ್ನೂ ನಾನು ನಂಬಲಿಲ್ಲ. ಎಲ್ಲ ಕಡೆ ಹೇಳಿ ಹೇಳಿ ಬಾಯಿಪಾಠವಾದ ಕಥೆಯಿರಬೇಕು, ಸಭೆ ಕೆಡಿಸಲು ಯಾರೋ ಕಳಿಸಿದ್ದಾರೆ ಅನ್ನಿಸಿತು. ಅತ್ತೆಯ ಚಪ್ಪಲಿಯನ್ನು ನಾನೇ ತೆಗೆದು, ಗುರುತು ಸಿಗಲೆಂದು ರಾಶಿಯ ಪಕ್ಕಕ್ಕೆ ಜೋಡಿಸಿಟ್ಟೆ.

ಹನ್ನೊಂದರ ಸುಮಾರಿಗೆ ಯಾರೋ "ಪೊಲೀಸ್ ಗಾಡಿ ಆಯಾ!" ಅಂದರು. ಬಂದದ್ದು ನೀರಿನ ಟ್ಯಾಂಕರ್ ಎಂದು ಗೊತ್ತಾದದ್ದು ಆಮೇಲೆ. ಆ ಹೊತ್ತಿಗೆ ಇನ್ನೂರು ಜನ ಎದ್ದಿದ್ದರು. ಯಾರೂ ಓಡಲಿಲ್ಲ, ಅದನ್ನು ಹೇಳಲೇಬೇಕು. ಎಲ್ಲರೂ ಚಪ್ಪಲಿ ಹುಡುಕಲು ಹೋದರು, ಅಷ್ಟೇ. ಮುಂದಿನವರು ಬಗ್ಗಿದರು, ಹಿಂದಿನವರು ಅವರ ಬೆನ್ನಿನ ಮೇಲೆ ಬಿದ್ದರು. ನನ್ನ ಕೈಯಲ್ಲಿದ್ದ ಅತ್ತೆಯ ಕೈ ಬಳೆಯ ಕಡೆಯಿಂದ ಜಾರಿತು. ನೋಡುವಾಗ ಅವರ ತಲೆ ಕಾಣಲಿಲ್ಲ.

ಮುಂದಿನ ಅರ್ಧ ಗಂಟೆ ನಾನು ಮೈದಾನದಲ್ಲಿ, ಕಾಲನಿಯಲ್ಲಿ, ಮತ್ತೆ ಮೈದಾನದಲ್ಲಿ ಬರಿಗಾಲಲ್ಲಿ ತಿರುಗಿದೆ. ಅತ್ತೆಯ ಮೊಬೈಲು ಮನೆಯಲ್ಲಿ ಚಾರ್ಜಿಗಿತ್ತು. ನನ್ನದು ಕೈಯಲ್ಲೇ ಇತ್ತು, ಒಮ್ಮೆಯೂ ರಿಂಗಾಗಲಿಲ್ಲ.

ಕೊನೆಗೆ ಅವರು ಸಿಕ್ಕಿದ್ದು ಮೂಲೆಯ ಮೆಡಿಕಲ್ ಅಂಗಡಿಯೊಳಗೆ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ. ಪಾದದ ಗಂಟು ಊದಿತ್ತು. ಆ ಹೆಂಗಸು ನೆಲದ ಮೇಲೆ ಕೂತು ಅದಕ್ಕೆ ಐಸ್ ಒತ್ತುತ್ತಿದ್ದಳು. ಅವಳ ಒಂದು ಮುಂಗೈ ತರಚಿತ್ತು.

"ಎಲ್ಲಿ ಸತ್ತಿದ್ದಿ ಮಾರಾಯ್ತಿ?" ಅಂದರು ಅತ್ತೆ. "ನಾನು ಫ್ಲಾಟಿನ ನಂಬರ್ ಹೇಳಿದೆ, ಇವಳು ಪಟ್ಟಿ ನೋಡಿ ನಾಲ್ಕು ಸಲ ಫೋನ್ ಮಾಡಿದಳು. ಎತ್ತಿದ್ದು ದಹಿಸರದ ಯಾರೋ ಗಂಡಸು, ಅವನಿಗೆ ಅತ್ತೆಯೇ ಇಲ್ಲವಂತೆ. ಪುಣ್ಯವಂತ!"

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಅನುಮಾನ ಮಾತ್ರ ಅಷ್ಟು ಬೇಗ ಹೋಗುವಂಥದ್ದಲ್ಲ. ಕೇಳಿಯೇಬಿಟ್ಟೆ: "ಈ ಪಟ್ಟಿ ಆಮೇಲೆ ಎಲ್ಲಿಗೆ ಹೋಗುತ್ತದೆ?"

"ಇದನ್ನ ಮೊನ್ನೇನ ಕೇಳಬೇಕಿತ್ತರಿ ಅಕ್ಕಾರ. ಕೇಳಿದ್ರ ಹೇಳ್ತಿದ್ದೆ," ಅಂದು ಫೈಲಿನಿಂದ ಹಾಳೆಗಳನ್ನು ತೆಗೆದು, ಐಸ್ ಕರಗಿದ ಬಕೆಟ್ಟಿನಲ್ಲಿ ಅದ್ದಿ ಹಿಂಡಿದಳು. ನೀರು ನೀಲಿಯಾಯಿತು. ಇನ್ನೊಂದು ಪ್ರತಿ ಇರಬಹುದೇ ಎಂಬ ಯೋಚನೆ ಆಗಲೂ ನನಗೆ ಬಂತು. ಬರಲಿಲ್ಲ ಅಂದರೆ ಇನ್ನೊಂದು ಸುಳ್ಳಾದೀತು.

ಡಾಕ್ಟರು ಅತ್ತೆಗೆ ಹತ್ತು ದಿನ ಕಾಲೂರಬಾರದೆಂದರು. ಹನ್ನೆರಡನೆಯ ದಿನ ಅವರು ಮುಂದಿನ ಧರಣಿಗೆ ಸೀರೆ ಇಸ್ತ್ರಿ ಮಾಡಿಸಿದರು. ಬೇಡವೆಂದರೆ ಕೇಳುವವರಲ್ಲ. ಬೆಳಿಗ್ಗೆ ಹಾಲಿನ ಬೂತಿನ ಹತ್ತಿರ ಧರಣಿ ಕಮಿಟಿಯ ಸೆಕ್ರೆಟರಿಯನ್ನು ಹಿಡಿದು, ಹಿಂದಿನ ಗೇಟಿನ ಬೀಗ ತೆಗೆಸಿ ಅಂದೆ.

ಅವರು ನನ್ನ ಚೀಲ ನೋಡಿದರು, ಮುಖ ನೋಡಿದರು. "ಹಿಂದಿನ ಗೇಟು ಯಾಕಮ್ಮ? ಆ ಕಡೆಯಿಂದ ಯಾರು ಬರುವವರಿದ್ದಾರೆ? ಇದನ್ನೆಲ್ಲ ನಿಮಗೆ ಹೇಳಿಕೊಟ್ಟದ್ದು ಯಾರು?"

"ಒಳಗೆ ಬರಲಿಕ್ಕಲ್ಲ, ಹೊರಗೆ ಹೋಗಲಿಕ್ಕೆ," ಅಂದೆ.

ನಂಬಲಿಲ್ಲ ಅವರು. ಎರಡು ಪ್ಯಾಕೆಟ್ ಹಾಲು ನನ್ನ ಕೈಯಲ್ಲಿ ಬೆಚ್ಚಗಾಗುವವರೆಗೂ ನಾನು ದಾರಿ ಬಿಡಲಿಲ್ಲ. ಕೊನೆಗೆ ಕೀಲಿಕೈ ತರಲು ಗೊಣಗುತ್ತ ತಮ್ಮ ಮನೆಯ ಮೆಟ್ಟಿಲು ಹತ್ತಿದರು. ನಾನು ಕೆಳಗೇ ಕಾದು ನಿಂತೆ.