ಹೊಡೆಸಿಕೊಳ್ಳಲೆಂದೇ ಎಸೆಯುವವರು

ಬಿಸಿಲು ಇನ್ನೂ ಸೇತುವೆಯ ಕೆಳಗೆ ಇಳಿದಿಲ್ಲ. ನದಿ ದಂಡೆಯ ಕಾಂಕ್ರೀಟು ಗೋಡೆಯ ಎದುರು ನಿಂತ ತೊಕುಮಾರು ಯಸುಹಿದೆ ಎಡಗೈಯನ್ನು ಹಿಂದಕ್ಕೆಳೆದು ಚೆಂಡು ಎಸೆಯುತ್ತಾರೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಚೌಕವೊಂದಿದೆ. ಚೆಂಡು ಅದರ ಗೊಡವೆಗೇ ಹೋಗದೆ, ಒಂದು ಮಾರು ಮೊದಲೇ ನೆಲಕ್ಕೆ ಬಡಿದು ಹುಲ್ಲಿನೊಳಗೆ ಸೇರಿಕೊಳ್ಳುತ್ತದೆ. ಅವರು ಹುಡುಕಿ ತಂದು ಮತ್ತೆ ಎಸೆಯುತ್ತಾರೆ. ಈ ಸಲ ಚೌಕಕ್ಕಿಂತ ಮೇಲೆ, ತೀರಾ ಮೇಲೆ.

"ಪಾಪ, ಆ ಗೋಡೆ ಏನಪ್ಪಾ ತಪ್ಪು ಮಾಡಿತ್ತು?" ನಾಯಿಯನ್ನು ಸುತ್ತಾಡಿಸಲು ಬರುವ ಕಿನುಯೊ ಅಜ್ಜಿ ದಿನವೂ ಹೀಗೆ ಏನಾದರೊಂದು ಕೇಳದೆ ಮುಂದೆ ಹೋಗುವುದಿಲ್ಲ. "ಈ ವಯಸ್ಸಲ್ಲಿ ಚೆಂಡಾಟ ಆಡ್ತಾ ನಿಂತ್ರೆ ನಿಂಗೆ ಕೆಲಸ ಯಾರು ಕೊಡ್ತಾರೆ?"

"ಇದೇ ನನ್ನ ಕೆಲಸ ಅಜ್ಜಿ."

"ಹಂಗಾದ್ರೆ ಸಂಬಳ ಕೊಡೋನಿಗೆ ಕಣ್ಣು ಕಾಣಲ್ಲ ಬಿಡು!"

ತೊಕುಮಾರು ಟೋಪಿ ತೆಗೆದು ನಗುತ್ತಾರೆ. ಅಭ್ಯಾಸದ ಮೈದಾನಕ್ಕೆ ಹೋಗುವ ಮುನ್ನ ಅವರೊಂದಿಗೆ ಮಾತಾಡುವ ಜೀವ ಈ ಅಜ್ಜಿಯೊಂದೇ. ಒಂದೇ ಕೋಣೆಯ ಮನೆಯಲ್ಲಿ ಅವರು ಒಬ್ಬರೇ ಇರುತ್ತಾರೆ. ಒಂದು ಕಾಲಕ್ಕೆ ಮದುವೆಯಾಗಿತ್ತು. ಊರೂರು ತಿರುಗುವ ತಂಡದ ಹಿಂದೆ ವರ್ಷದಲ್ಲಿ ಅರ್ಧ ಕಳೆದುಹೋದರೆ ಮನೆಯಲ್ಲಿ ಯಾರು ತಾನೇ ಕಾಯುತ್ತಾರೆ, ಎಂದಷ್ಟೇ ಪತ್ರಿಕೆಯವರಿಗೆ ಹೇಳಿ ಆ ಮಾತು ಮುಗಿಸುತ್ತಾರೆ.

ಅವರದು ಬೇಸ್‌ಬಾಲ್ ತಂಡವೊಂದರಲ್ಲಿ ಅಭ್ಯಾಸದ ಪಿಚರ್, ಎಂದರೆ ಅಭ್ಯಾಸಕ್ಕೆ ಚೆಂಡು ಎಸೆಯುವವರ, ಕೆಲಸ. ಸಂಜೆ ಆಟ ಶುರುವಾಗುವ ಮೊದಲು, ಖಾಲಿ ಮೈದಾನದಲ್ಲಿ, ಎದೆಮಟ್ಟದ ಬಲೆಯ ಹಿಂದೆ ನಿಂತು ತಮ್ಮದೇ ತಂಡದ ಬ್ಯಾಟರ್‌ಗಳಿಗೆ ಚೆಂಡು ಎಸೆಯಬೇಕು. ಅವರು ಹೊಡೆಯಬೇಕು. ಚೆನ್ನಾಗಿ ಹೊಡೆಸಿಕೊಂಡರೆ ಕೆಲಸ ಚೆನ್ನಾಗಿ ಆಯಿತೆಂದು ಲೆಕ್ಕ. ಜಗತ್ತಿನ ಎಲ್ಲ ಪಿಚರ್‌ಗಳೂ ಯಾವುದಕ್ಕೆ ಹೆದರಿ ನಿದ್ದೆಗೆಡುತ್ತಾರೋ, ಇವರಿಗೆ ಅದೇ ಅನ್ನ.

ಅವರೂ ನಿಜವಾದ ಪಿಚರ್ ಆಗಿದ್ದವರೇ. ಹೈಸ್ಕೂಲು ಮುಗಿಯುತ್ತಲೇ ಈ ತಂಡ ಕರೆದುಕೊಂಡಿತು. ಊರಿನ ಅಂಗಡಿಬೀದಿಯಲ್ಲಿ ಅವರ ಹೆಸರಿನ ಬಟ್ಟೆಯ ಪಟ್ಟಿ ಕಟ್ಟಿದ್ದರು. ಎಡಗೈ ಬ್ಯಾಟರ್‌ಗಳ ಎದೆಯತ್ತ ಕೊನೆಯ ಗಳಿಗೆಯಲ್ಲಿ ಒಳಕ್ಕೆ ತಿರುಗುವ ಒಂದು ಎಸೆತ ಅವರ ಕೈಯಲ್ಲಿತ್ತು. ಅದೊಂದೇ ಇತ್ತು. ಐದು ವರ್ಷ ಹೆಣಗಾಡಿದರೂ ಅವರ ಹೆಸರಿಗೆ ಒಂದು ಗೆಲುವೂ ಸೇರಲಿಲ್ಲ. "ಎಡಗೈಯವರು ಕಡಿಮೆ, ಅಭ್ಯಾಸಕ್ಕೆ ಇರಿ" ಎಂದಿತು ತಂಡ. ಇದ್ದುಬಿಟ್ಟರು. ಅವರಿಗೀಗ ನಲವತ್ತಾರು.

ಒರಿಹಾರ ಈ ತಂಡದ ದೊಡ್ಡ ಬ್ಯಾಟರ್, ಅವರೂ ಎಡಗೈಯವರೇ. ಎಡಗೈ ಪಿಚರ್‌ಗಳೆಂದರೆ ಅವರಿಗೆ ಮೊದಲಿನಿಂದಲೂ ಆಗದು. ಹಾಗಾಗಿ ಏಳು ವರ್ಷಗಳಿಂದ ತೊಕುಮಾರು ಬಿಟ್ಟು ಬೇರೆಯವರ ಚೆಂಡನ್ನು ಅಭ್ಯಾಸಕ್ಕೆ ಆಡಿದವರಲ್ಲ. ಇಬ್ಬರೂ ಒಟ್ಟಿಗೆ ಒಂದು ಲೋಟ ಚಹಾ ಕುಡಿದಿಲ್ಲ. "ಮಾತು ಬೇಕಾಗೇ ಇರ್ಲಿಲ್ಲ. ಕಾಲು ಎಲ್ಲಿಡ್ತಾರೆ ನೋಡಿದ್ರೆ, ರಾತ್ರಿ ನಿದ್ದೆ ಮಾಡಿದ್ದಾರೋ ಇಲ್ವೋ ಗೊತ್ತಾಗ್ತಿತ್ತು. ಅಷ್ಟು ಸಾಕಿತ್ತು ನಂಗೆ," ಎನ್ನುತ್ತಾರೆ ತೊಕುಮಾರು.

ಆಗಸ್ಟ್‌ನ ಒಂದು ಮಧ್ಯಾಹ್ನ ಎಲ್ಲ ಎಡವಟ್ಟಾಯಿತು. ಹಿಂದಿನ ದಿನ ಎಡಗೈ ಪಿಚರ್ ಒಬ್ಬನೆದುರು ಸೋತಿದ್ದ ಒರಿಹಾರ, "ತೊಕುಮಾರು ಸಾನ್, ಇವತ್ತು ಸ್ವಲ್ಪ ಜೋರಾಗಿ ಹಾಕಿ" ಎಂದರು, ಹೆಸರಿಗೆ ಗೌರವದ 'ಸಾನ್' ಸೇರಿಸಿಯೇ. ಇವರು ಜೋರಾಗಿ ಎಸೆದರು. ಆಮೇಲೆ ಏನಾಯಿತೋ, ಎಷ್ಟೋ ವರ್ಷಗಳಿಂದ ಮಲಗಿದ್ದ ಆ ಹಳೆಯ ಎಸೆತ ತಾನಾಗಿ ಬೆರಳಿಗೆ ಬಂತು. ಚೆಂಡು ಒಳಕ್ಕೆ ತಿರುಗಿತು. ಒರಿಹಾರ ಬ್ಯಾಟು ಬೀಸಿದರು. ಗಾಳಿ ಮಾತ್ರ ಸಿಕ್ಕಿತು. ತೊಕುಮಾರು ಮುಷ್ಟಿ ಬಿಗಿದು ಮೇಲೆತ್ತಿದರು.

ಅಭ್ಯಾಸದ ಪಿಚರ್ ಮಾಡಬಾರದ ಕೆಲಸವೆಂದರೆ ಇದು. ಬ್ಯಾಟರ್ ನಿಂತು ಹೊಡೆಯುವ ಬಲೆಯ ಪಂಜರದ ಸುತ್ತ ಇದ್ದವರೆಲ್ಲ ಬೇರೆ ಕಡೆ ಮುಖ ತಿರುಗಿಸಿದರು. ನಾಚಿಕೆಯಲ್ಲಿ ತೊಕುಮಾರು ಎಸೆದ ಮುಂದಿನ ಚೆಂಡು ನೇರ ಒರಿಹಾರ ಅವರ ಮಣಿಕಟ್ಟಿಗೆ ಹೋಗಿ ಬಡಿಯಿತು. ಮೂಳೆ ಬಿರುಕು ಬಿಟ್ಟಿತು.

ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕೋಟು ತೊಟ್ಟು, ಸಿಹಿಯ ಪೆಟ್ಟಿಗೆ ಹಿಡಿದು ಕ್ಷಮೆ ಕೇಳಲು ಒರಿಹಾರ ಅವರ ಮನೆಗೆ ಹೋದರು. ಮನೆಯಲ್ಲಿ ಯಾರೂ ಇರಲಿಲ್ಲ. ಪೆಟ್ಟಿಗೆಯನ್ನು ಕಾವಲುಗಾರನ ಕೈಗೆ ಕೊಟ್ಟು, ಮುಚ್ಚಿದ ಬಾಗಿಲಿಗೇ ತಲೆಬಾಗಿ ವಾಪಸಾದರು. ಮರುದಿನದಿಂದ ಚೆಂಡು ಬಿಡುವ ಗಳಿಗೆಯೇ ಬೆರಳುಗಳಿಗೆ ಮರೆತುಹೋಯಿತು. ಈ ಕೆಲಸದವರು ಮುಪ್ಪಿಗಿಂತ ಹೆಚ್ಚು ಹೆದರುವುದು ಈ ಕಾಯಿಲೆಗೆ. "ಕೈಗೆ ಹೇಳ್ತೀನಿ, ಬಿಡು ಅಂತ. ಅದು ಕೇಳಿಸಿಕೊಳ್ಳಲ್ಲ. ಪಕ್ಕದ ಮನೆಯವರ ಕೈ ಥರ ಆಗ್ಬಿಟ್ಟಿದೆ," ಎನ್ನುತ್ತಾರೆ. ಅಂದಿನಿಂದ ಅವರ ಕೆಲಸ ಮೈದಾನದಲ್ಲಿ ಚೆಂಡು ಆಯುವುದು. ಮುಂದಿನ ವರ್ಷಕ್ಕೆ ಯಾರು ಬೇಕು, ಯಾರು ಬೇಡ ಎಂದು ತಂಡ ಹೇಳುವುದು ಅಕ್ಟೋಬರಿನಲ್ಲಿ. ಎಸೆಯಲಾರದವರನ್ನು ಯಾರೂ ಇಟ್ಟುಕೊಳ್ಳುವುದಿಲ್ಲ.

ಇವತ್ತು ಒರಿಹಾರ ಮರಳಿ ಬರುವ ದಿನ.

ಮಧ್ಯಾಹ್ನದ ಮೈದಾನದಲ್ಲಿ ಬಲೆಯ ಹಿಂದೆ ಬೇರೊಬ್ಬ ಪಿಚರ್, ಬಲಗೈಯ ಸೆಗಾವಾ, ಸಿದ್ಧನಾಗಿ ನಿಂತಿದ್ದಾನೆ. ತೊಕುಮಾರು ದೂರದಲ್ಲಿ ಬುಟ್ಟಿ ಹಿಡಿದು ಬಗ್ಗಿದ್ದಾರೆ. ಒರಿಹಾರ ಪಂಜರದೊಳಗೆ ಕಾಲಿಟ್ಟು, ಮಣ್ಣು ಕೆದಕಿ, ತಲೆಯೆತ್ತಿ ನೋಡುತ್ತಾರೆ.

"ಸೆಗಾವಾ, ನೀನು ಆಚೆ ಬಾ. ತೊಕುಮಾರು ಸಾನ್ ಎಲ್ಲಿ?"

"ಅವರ ಕೈ ಸರಿಯಿಲ್ಲ..."

"ನನ್ನ ಕೈಯೂ ಸರಿಯಿರ್ಲಿಲ್ಲ. ಕರಿ ಅವರನ್ನ."

ಬುಟ್ಟಿ ಕೆಳಗಿಟ್ಟು ತೊಕುಮಾರು ಬರುತ್ತಾರೆ. ಟೋಪಿ ತೆಗೆದು ಬಗ್ಗುತ್ತಾರೆ. ಮೊದಲ ಚೆಂಡು ಮಣ್ಣಿಗೆ ಬೀಳುತ್ತದೆ. ಎರಡನೆಯದು ಪಂಜರದ ತಲೆಗೆ ಬಡಿಯುತ್ತದೆ. ಮೂರನೆಯದನ್ನು ಅವರು ಅಂಗಿಗೆ ಒರೆಸುತ್ತಾರೆ, ಮತ್ತೆ ಒರೆಸುತ್ತಾರೆ.

ಒರಿಹಾರ ಬ್ಯಾಟು ಕೆಳಗಿಳಿಸುತ್ತಾರೆ. "ನೀವು ತಂದ ಸಿಹಿ ತಿಂದೆ. ಸಕ್ಕರೆ ಜಾಸ್ತಿ."

"ಕ್ಷಮಿಸಿ."

"ಸಿಹಿ ವಿಷಯ ಬಿಡಿ. ಆ ಒಳಗೆ ಬರೋ ಚೆಂಡು ಹಾಕಿ. ಅವತ್ತು ನಂಗೆ ಸಿಗ್ಲಿಲ್ವಲ್ಲ, ಅದು. ಒಂದು ತಿಂಗಳಿಂದ ಹಾಸಿಗೆ ಮೇಲೆ ಬಿದ್ಕೊಂಡು ಅದನ್ನೇ ಹೊಡೀತಾ ಇದ್ದೀನಿ. ಬೇರೆ ಯಾವುದೂ ಬೇಡ ನಂಗೆ."

ಒಳಗೆ ಎಂದರೆ, ಮೂಳೆ ಬಿರುಕುಬಿಟ್ಟ ಅದೇ ಜಾಗ. ತೊಕುಮಾರು ಚೆಂಡನ್ನು ಬೆರಳುಗಳ ನಡುವೆ ತಿರುಗಿಸಿ ಹಳೆಯ ಹಿಡಿತಕ್ಕೆ ತರುತ್ತಾರೆ. ಇಪ್ಪತ್ತು ವರ್ಷಗಳಲ್ಲಿ 'ನಿಮ್ಮ ಚೆಂಡು ಹಾಕಿ' ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಎಲ್ಲರಿಗೂ ಬೇಕಾಗಿದ್ದದ್ದು ಹೊಡೆಯಲು ಬರುವ ಚೆಂಡು ಮಾತ್ರ. ಅವರು ಉಸಿರೆಳೆದು, ಕೈ ಹಿಂದಕ್ಕೊಯ್ದು ಎಸೆಯುತ್ತಾರೆ. ಬೆರಳು ಬಿಡುತ್ತದೆ. ಚೆಂಡು ಒರಿಹಾರ ಅವರ ಎದೆಯತ್ತ ತಿರುಗುತ್ತದೆ; ಅವರು ಕಾಲು ಕೀಳದೆ ಬ್ಯಾಟು ಬೀಸುತ್ತಾರೆ. ಚೆಂಡು ಮೈದಾನ ದಾಟಿ, ಜನರಿಲ್ಲದ ಕುರ್ಚಿಗಳ ಮೇಲೆ ಬಿದ್ದು ದಡಬಡ ಸದ್ದು ಮಾಡುತ್ತದೆ.

"ಇನ್ನೊಂದು!" ಎನ್ನುತ್ತಾರೆ ಒರಿಹಾರ. ಇನ್ನೊಂದು. ಮತ್ತೊಂದು. ಎಲ್ಲವೂ ಆ ಕುರ್ಚಿಗಳ ಕಡೆಗೇ ಹೋಗುತ್ತವೆ. ಯಾವುದೂ ಮಣ್ಣಿಗೆ ಬೀಳುವುದಿಲ್ಲ.

ಪ್ರೇಕ್ಷಕರಿಗೆ ಮೈದಾನದ ಬಾಗಿಲು ತೆರೆಯುವ ಹೊತ್ತಿಗೆ ತೊಕುಮಾರು ಅವರ ಕೆಲಸ ಮುಗಿದಿರುತ್ತದೆ. ಬೆನ್ನ ಮೇಲೆ ಒರಿಹಾರ ಹೆಸರಿರುವ ಅಂಗಿ ತೊಟ್ಟ ಜನ ರೈಲು ನಿಲ್ದಾಣದಿಂದ ಮೈದಾನದತ್ತ ನುಗ್ಗುತ್ತಿದ್ದಾರೆ. ಇವರೊಬ್ಬರೇ ಎದುರು ದಿಕ್ಕಿಗೆ, ಭುಜ ಓರೆ ಮಾಡಿಕೊಂಡು, "ಕ್ಷಮಿಸಿ, ಕ್ಷಮಿಸಿ" ಎನ್ನುತ್ತ ಜಾಗ ಮಾಡಿಕೊಳ್ಳುತ್ತಾರೆ. ಯಾರೂ ಗುರುತಿಸುವುದಿಲ್ಲ. ಅಂಗಡಿಯಲ್ಲಿ ಎರಡು ಅನ್ನದುಂಡೆ ಕೊಂಡು, ಪ್ಲಾಟ್‌ಫಾರಂನ ಬೆಂಚಿನ ಮೇಲೆ ಕೂತು ತಿನ್ನುತ್ತಾರೆ. ಎಡಗೈಯನ್ನು ಆಗಾಗ ಬಿಡಿಸಿ ನೋಡಿಕೊಳ್ಳುತ್ತಾರೆ.

ಕೈ ಮರಳಿತಲ್ಲ, ಇನ್ನು ಕೆಲಸವೂ ಉಳಿಯಬಹುದಲ್ಲ, ಸಂತೋಷವೇ ಎಂದು ಕೇಳಿದರೆ ತಲೆಯಾಡಿಸುತ್ತಾರೆ. "ಹೂಂ. ಎಲ್ಲಾನೂ ಹೊಡೆದ್ರು. ಚೆನ್ನಾಗಿ ಹೊಡೆದ್ರು. ಇನ್ನು ಆ ಚೆಂಡು ನಂದಲ್ಲ, ಅವರಿಗೆ ಗೊತ್ತಾಗೋಯ್ತು." ಅನ್ನದುಂಡೆ ಸುತ್ತಿದ್ದ ಕಾಗದವನ್ನು ಮಡಚಿ ಜೇಬಿಗೆ ಹಾಕುತ್ತಾರೆ. ಆಮೇಲೆ ಅಕ್ಕಪಕ್ಕ ಕಣ್ಣಾಡಿಸಿ, ದನಿ ತಗ್ಗಿಸುತ್ತಾರೆ.

"ಪತ್ರಿಕೇಲಿ ಬರೆಯೋದಾದ್ರೆ ಒಂದು ಮಾತು ಹಾಕಿ. ಆಗಸ್ಟ್‌ನಲ್ಲಿ ಹಾಕಿದ್ದು ಅವರಿಗೆ ಸಿಗ್ಲಿಲ್ಲ ಅಂತ. ನಿಜವಾಗ್ಲೂ ಸಿಗ್ಲಿಲ್ಲ." ರೈಲು ಬರುತ್ತದೆ. ಅವರು ಏಳುತ್ತಾರೆ. "ಬೇಡ, ಬಿಡಿ. ಅವರು ಓದಿಬಿಡ್ತಾರೆ."