ಮೂಡಣ ಬಾಗಿಲಿನ ಮನೆ

ನಮ್ಮ ಮನೆಯಲ್ಲಿ ಹಪ್ಪಳ ಒಣಗಿಸಲು ಯಾರೂ ತಾರಸಿ ಹತ್ತುವುದಿಲ್ಲ, ಮಿತ್ರರೆ. ಅವ್ವನ ಮಂಚದ ಮೇಲೆ ಹಳೆಯ ಸೀರೆ ಹಾಸಿ ಹರವಿದರೆ ಸಂಜೆಯೊಳಗೆ ಅವು ಗರಿಗರಿಯಾಗಿರುತ್ತವೆ. ಬಂದವರು ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಈಚೆಗೆ ನಕ್ಕ ಮೇಲೆ ಮನಸ್ಸು ಮುದುಡುತ್ತದೆ.

ಧಾರವಾಡ ಬಿಟ್ಟು ಪುಣೆಯಲ್ಲಿ ನೆಲೆಸಿದ ನಾವು ಹಿಂಜವಾಡಿಯಲ್ಲಿ ಫ್ಲ್ಯಾಟು ಕೊಳ್ಳುವಾಗ ಅವ್ವ ಕೇಳಿದ್ದು ಒಂದನ್ನೇ: ಬಾಗಿಲು ಮೂಡಣಕ್ಕಿರಬೇಕು. ಮೂಡಣಕ್ಕೇ ಸಿಕ್ಕಿತು. ಆದರೆ ಅದು ತೆರೆದುಕೊಳ್ಳುವುದು ಸೂರ್ಯನತ್ತ ಅಲ್ಲ, ಲಿಫ್ಟಿನ ಓಣಿಯತ್ತ. ಅಲ್ಲಿ ಹಗಲಿಗೂ ಟ್ಯೂಬ್‌ಲೈಟೇ ಭಾಸ್ಕರ. ಬಾಗಿಲು ಪೂರ್ವಕ್ಕಾದ ತಪ್ಪಿಗೆ ಕೋಣೆಗಳ ಕಿಟಕಿಗಳೆಲ್ಲ ಪಶ್ಚಿಮಕ್ಕೆ ಬಿದ್ದವು, ಅದೂ ಆಳೆತ್ತರದ ಗಾಜು. ಆಗ ನಾನು ಭೋಸರಿಯ ಕಾರ್ಖಾನೆಯಲ್ಲಿ ಯಂತ್ರಗಳೊಡನೆ ಏಗುತ್ತಿದ್ದ ಎಂಜಿನಿಯರು. ಗೋಡೆಯೂ ಬಿಸಿಲು ಕುಡಿಯುತ್ತದೆ, ಕುಡಿದದ್ದನ್ನು ಇಳಿಹೊತ್ತಿನಲ್ಲಿ ಮನೆಯೊಳಗೆ ಕಕ್ಕುತ್ತದೆ ಎಂಬುದು ನನಗೇನು ಗೊತ್ತು?

ನಡುವಯಸ್ಸಿನಲ್ಲಿ ಆ ಕೆಲಸ ಬಿಟ್ಟು, ಮತ್ತೆ ವಿದ್ಯಾರ್ಥಿಯಾಗಿ ಬೆಂಚಿನ ಮೇಲೆ ಕೂತು ಕಲಿತು, ಈಗ ಕಡಿಮೆ ವಿದ್ಯುತ್ತಿನಲ್ಲಿ ತಂಪಾಗಿರುವ ಕಟ್ಟಡ ಕಟ್ಟುವುದು ಹೇಗೆಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ವಿದ್ಯೆ ಬಂತು, ಮನೆ ಅದಕ್ಕೂ ಮೊದಲೇ ಬಂದಿತ್ತು. ಕಿಟಕಿಯ ಹೊರಗೆ ಬಿದಿರಿನ ತಟ್ಟಿ ಕಟ್ಟುತ್ತೇನೆಂದರೆ ಕಟ್ಟಡದ ಅಂದ ಕೆಡುತ್ತದೆಂದು ಸೊಸಾಯಿಟಿಯವರು ಬಿಡಲೊಲ್ಲರು. ಏಸಿ ಹಾಕಿದರೆ ಅವ್ವನ ಮೊಣಕಾಲು ಸೆಳೆಯುತ್ತವೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ನಮ್ಮ ಮನೆಯಲ್ಲಿ ಸಣ್ಣ ತಿದ್ದುಪಡಿ ಬೇಕು: ಇಲ್ಲಿ ಬುಡದಲ್ಲಿರುವುದು ಬಿಸಿಲು. ಊರಿಗೆಲ್ಲ ನೆರಳಿನ ಪಾಠ ಹೇಳುವವನ ತಾಯಿ ಕಾದ ಗೋಡೆಯ ಪಕ್ಕ ಮಲಗುತ್ತಾಳೆ. ಇದಕ್ಕಿಂತ ತಡವಾಗಿ ಯಾರಾದರೂ ಏನನ್ನಾದರೂ ಕಲಿತಿದ್ದಾರೆಯೇ ಎಂದು ನನಗೆ ಬಹಳ ಸಲ ಅನಿಸುತ್ತದೆ.

ಮೊನ್ನೆ ಬೇಸಿಗೆಯ ಒಂದು ಇಳಿಹೊತ್ತು, ಕೆಟ್ಟದಾಗಿ ಕಟ್ಟಿದ ಕೋಣೆಯೊಂದರ ಶಾಖ ಅಳೆದು ನೋಡಲೆಂದು ವಿದ್ಯಾರ್ಥಿಗಳನ್ನು ಅವ್ವನ ಕೋಣೆಗೇ ಕರೆತಂದೆ. ಗೋಡೆಗೆ ಉಷ್ಣಮಾಪಕ ಹಿಡಿದ ಹುಡುಗಿ ಗಲಿಬಿಲಿಗೊಂಡು, "ಸರ್, ಭಿಂತ ತರ ಥಂಡ ಆಹೆ!" ಎಂದಳು. ಗೋಡೆ ತಣ್ಣಗಿದೆಯಂತೆ! ಮುಟ್ಟಿ ನೋಡಿದೆ, ಅಂಗೈಗೆ ನೀರಿನ ಪಸೆ ಹತ್ತಿತು.

ಅಡುಗೆಮನೆಗೆ ಹೋಗಿ ಅವ್ವನನ್ನು ಕೇಳಿದೆ.

"ಊಟ ಆದಾಗಿಂದ ಹಸೀ ಅರಿವೀಲೆ ಗ್ವಾಡಿ ಒರಸ್ಲಿಕ್ಕೆ ಹತ್ತಿದ್ದೆನಪಾ," ಎಂದಳು ಮೆಲ್ಲಗೆ. "ಮಾಸ್ತರನ ಮನೀನ ಹಿಂಗ ಕಾಯ್ತದ ಅಂದ್ರ ಹುಡುಗೂರು ನಿನಗ ನಗಂಗಿಲ್ಲೇನು? ಮೂಡಣ ಬಾಗಲಾ ಬೇಕಂದಾಕಿ ನಾನು. ನಿನ್ನ ಹೆಸರು ಯಾಕ ಕೆಡಬೇಕು?"

ಆಕೆಯ ಬೆರಳ ತುದಿಗಳು ನೀರಲ್ಲಿ ನೆನೆದು ಸುಕ್ಕುಗಟ್ಟಿದ್ದವು. ಹೊಸದಾಗಿ ಕಲಿತವನ ಹುರುಪಿನಲ್ಲಿ ಊಟಕ್ಕೆ ಕೂತಾಗಲೆಲ್ಲ ನಾನು ಪಡುವಣ ಬಿಸಿಲಿನ ಪುರಾಣ ಹೇಳುತ್ತಿದ್ದೆ. ನನಗದು ವಿದ್ಯೆಯಾಗಿತ್ತು, ಬಡಿಸುತ್ತ ನಿಂತವಳಿಗೆ ಅದು ತನ್ನ ಮೇಲಿನ ದೂರಾಗಿ ಕೇಳಿಸುತ್ತಿತ್ತು.

ಕೋಣೆಯಲ್ಲಿ ವಿದ್ಯಾರ್ಥಿಗಳು ಕಾಯುತ್ತಿದ್ದರು. ಅವ್ವನಿಗೆ ಕೇಳಿಸುವಂತೆ ಗಟ್ಟಿಯಾಗಿ, ಗೋಡೆ ತಣ್ಣಗಿದೆ, ಹಾಗೆಯೇ ಬರೆದುಕೊಳ್ಳಿ ಎಂದೆ.