ಮಂಜಿನಲ್ಲಿ ಕೇಳಿದ ‘ಬರ್ಲಿ, ಬರ್ಲಿ’

ಬಾಳಿನಲ್ಲಿ ಹಿಂದಕ್ಕೆ ಹೋಗುವ ಗೇರ್ ಇಲ್ಲ ಎಂದು ತಿಳಿದವರು ಗಂಭೀರವಾಗಿ ಹೇಳುತ್ತಾರೆ. ಪಾಪ, ಅವರು ಹಿಮದ ಮೇಲೆ ಜಾರುವ ಸ್ನೋಮೊಬೈಲ್ ಗಾಡಿ ಓಡಿಸಿದವರಲ್ಲ. ಅದರಲ್ಲಿದೆ. ಹ್ಯಾಂಡಲ್ ಪಕ್ಕದ ಹಳದಿ ಗುಂಡಿ ಒತ್ತಿದರಾಯಿತು.

ದೆವ್ವ ಭೂತಗಳನ್ನು ನಾನು ನಂಬಿದವನಲ್ಲ. ಈಗಲೂ ನಂಬುವುದಿಲ್ಲ, ಒಂದು ಸಂಜೆಯನ್ನು ಬಿಟ್ಟು. ಎರಡು ಸಾವಿರದ ದಶಕದಲ್ಲಿ ಮೆಲ್ಬರ್ನ್‌ನಲ್ಲಿ ಓದುತ್ತಿದ್ದಾಗ, ಚಳಿಗಾಲದ ರಜೆಗೆ ಹಿಮದ ಬೆಟ್ಟದ ಲಾಡ್ಜೊಂದರಲ್ಲಿ ಕೆಲಸಕ್ಕಿದ್ದೆ. ಸಿಡ್ನಿಯಿಂದ ಬಂದಿದ್ದ ಹಾಸನದ ನಾಗರಾಜ ನನ್ನ ಜೊತೆಗಾರ. ಅತಿಥಿಗಳ ಪೆಟ್ಟಿಗೆಗಳನ್ನು ಸ್ನೋಮೊಬೈಲಿನಲ್ಲಿ ಮೇಲಕ್ಕೆ ಸಾಗಿಸುವುದು ನಮ್ಮ ಉದ್ಯೋಗ.

ಮ್ಯಾನೇಜರ್ ಮೊದಲ ದಿನವೇ ಉಪದೇಶ ಮಾಡಿದ್ದ: ಪೂರ್ತಿ ನಿಲ್ಲಿಸಿದ ಮೇಲೆಯೇ ರಿವರ್ಸ್, ಹಿಂದೆ ನಿಂತು ದಾರಿ ಹೇಳುವವನು ಕಣ್ಣಿಗೆ ಕಾಣದಿದ್ದರೆ ಅಲ್ಲಾಡಕೂಡದು. ಈ ಶಾಸ್ತ್ರವನ್ನು ನಾವು ನಮ್ಮ ಪದ್ಧತಿಗೆ ಒಗ್ಗಿಸಿಕೊಂಡಿದ್ದೆವು. ನಾಗರಾಜ ಹಿಂದೆ ನಿಂತು, ಬಸ್ ಸ್ಟ್ಯಾಂಡಿನ ಕಂಡಕ್ಟರನಂತೆ ಗಾಡಿ ತಟ್ಟುತ್ತ, “ಬರ್ಲಿ, ಬರ್ಲಿ... ಹೋಲ್ಡಾನ್!” ಎನ್ನುತ್ತಿದ್ದ. ಯಂತ್ರದ ಬೀಪ್ ಸದ್ದಿಗಿಂತ ನನಗೆ ಅದರಲ್ಲೇ ಭಕ್ತಿ.

ಆ ಸಂಜೆ ದಟ್ಟ ಮಂಜು. ಗಾಡಿಯ ಮೂತಿ ಹಿಮದ ದಿಬ್ಬಕ್ಕೆ ತಗುಲಿ ನಿಂತಿತು. ಹಿಂದೆ ಎಲ್ಲೋ ಆಳವಾದ ಹಳ್ಳದ ಅಂಚಿತ್ತು. ಎಷ್ಟು ದೂರವೋ ಕಾಣದು. ನಾಗರಾಜ ಇಳಿದು ಮಂಜಿನಲ್ಲಿ ಮರೆಯಾದ. ಸ್ವಲ್ಪದರಲ್ಲೇ ಹಿಂದಿನಿಂದ “ಬರ್ಲಿ” ಎಂದು ಕೇಳಿತು. ಗುಂಡಿ ಒತ್ತಿದೆ. ಗಾಡಿ ಬೀಪ್ ಎನ್ನುತ್ತ ತುಸು ಹಿಂದೆ ಸರಿಯಿತು.

“ಬರ್ಲಿ, ಬರ್ಲಿ.”

ತಿರುಗಿ ನೋಡಿದರೆ ಬರೀ ಬಿಳುಪು. ಬ್ರೇಕ್ ಹಿಡಿದೆ.

“ಲೇ ನಾಗ, ಕಾಣಿಸ್ತಿಲ್ಲ ಕಣೋ. ಹತ್ರ ಬಾ.”

“ಬರ್ಲಿ, ಬರ್ಲಿ.”

ಅದೇ ದನಿ, ಅದೇ ಹಾಸನದ ಎಳೆತ. ಗಾಡಿಯನ್ನು ಮಾತ್ರ ಯಾರೂ ತಟ್ಟುತ್ತಿಲ್ಲ. ಭಯದ ಜೊತೆಗೆ, ಯಾಕೋ, ವಿಪರೀತ ಸಿಟ್ಟು ಬಂತು. ಎಂಜಿನ್ ಆಫ್ ಮಾಡಿ ಕೂಗಿದೆ: “ಯಾವನಾದ್ರೂ ಸರಿ, ಮೊದಲು ಮುಖ ತೋರ್ಸು! ಅಲ್ಲೀವರ್ಗೂ ಒಂದಿಂಚೂ ಬರಲ್ಲ!”

ಆಮೇಲೆ ನಾಗರಾಜ ಬಂದ, ಸಲಿಕೆ ಹಿಡಿದು, ನನ್ನ ಮುಂದಿನಿಂದ.

“ಯಾರಿಗೋ ಹಂಗೆ ಬೈತಿದೀಯ? ನಾನು ಸಲಿಕೆ ತರೋಕೆ ಮುಂದಿನ ಶೆಡ್ಡಿಗೆ ಹೋಗಿದ್ದೆ.”

ಮಂಜಿನಲ್ಲಿ ದನಿ ಎಲ್ಲಿಂದೆಲ್ಲಿಗೋ ತಿರುಗುತ್ತದೆ ಎಂದು ಅವನು ಇವತ್ತಿಗೂ ವಾದಿಸುತ್ತಾನೆ. ಆಗ ತಾನು ಬಾಯಿಯೇ ತೆರೆದಿರಲಿಲ್ಲ ಎಂದು ಆಣೆ ಹಾಕುವವನೂ ಅವನೇ. ನನಗೆ ಗೊತ್ತಿಲ್ಲ. ಬದುಕಿದವರಾಗಲಿ, ಅಲ್ಲದವರಾಗಲಿ, ಮುಖ ಕಾಣದವರ ಮಾತಿಗೆ ನಾನು ಹಿಂದೆ ಸರಿಯುವವನಲ್ಲ, ಅಷ್ಟೇ.

ಹಿಂದೆ ಹೋಗಿ ನೋಡಿದರೆ, ಹಳ್ಳದ ಅಂಚು ಗಾಡಿಯಿಂದ ಒಂದು ಮಾರೂ ದೂರವಿರಲಿಲ್ಲ. ದಿಬ್ಬವನ್ನು ಸಲಿಕೆಯಿಂದ ಅಗೆದು ಮುಂದಕ್ಕೇ ಓಡಿಸಿದೆವು. ಪೆಟ್ಟಿಗೆಗಳು ಊಟದ ಹೊತ್ತಿಗೆ ಲಾಡ್ಜ್ ತಲುಪಿದವು.